ಆರು ಲಕ್ಷ ಉಳಿಸಿದ್ದೇನೆ. ಕೆಲಸ ಬಿಟ್ಟು ಒಂದು ವರ್ಷ ದೇಶ ಸುತ್ತಬಹುದಾ?

ಸೇಡಂ ರಸ್ತೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೆ 30 ವರ್ಷ. ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಅಕೌಂಟ್ಸ್ ನೋಡುತ್ತೇನೆ. ಟ್ಯಾಲಿ, ಜಿಎಸ್‌ಟಿ, ಅಡತಿ ಬಿಲ್ಲು ಎಲ್ಲಾ ನನ್ನ ಮೇಲೆಯೇ. ಸೇರಿ ನಾಲ್ಕೂವರೆ ವರ್ಷ ಆಯಿತು. ಮಾಲೀಕರು ಒಳ್ಳೆಯವರು, ಸಂಬಳ ತಪ್ಪಿಲ್ಲ. ಕೆಲಸದ ಮೇಲೆ ಸಿಟ್ಟಿನಿಂದ ಈ ಪ್ರಶ್ನೆ ಕೇಳುತ್ತಿಲ್ಲ.

ಮೊಜಾಂಬಿಕ್, ಮ್ಯಾನ್ಮಾರ್‌ನಿಂದ ಬಂದ ತೊಗರಿಯ ಬಿಲ್ಲುಗಳು ನನ್ನ ಮೇಜಿಗೆ ಬರುತ್ತವೆ. ಆ ಊರುಗಳ ಹೆಸರು ಬರೆಯುವಾಗೆಲ್ಲ ಅಲ್ಲಿನ ಜನ ಹೇಗಿರುತ್ತಾರೆ, ಏನು ಉಣ್ಣುತ್ತಾರೆ ಅಂತ ತಲೆಯಲ್ಲಿ ಓಡುತ್ತಿರುತ್ತದೆ. ನಾನು ಹೋದ ದೂರದ ಊರು ಅಂದರೆ ಶ್ರೀಶೈಲ. ಮದುವೆ ಆದಮೇಲೆ ಹೋಗುವುದು ಕಷ್ಟ ಅಂತ ಗೊತ್ತು. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ.

ಉಳಿತಾಯ ಆರು ಲಕ್ಷ ಇದೆ, ಸಾಲ ಇಲ್ಲ. ಅಪ್ಪನಿಗೆ ಚಿತ್ತಾಪುರದ ಹತ್ತಿರ ಹೊಲ ಇದೆ. ಅವ್ವನ ಶುಗರ್ ಮಾತ್ರೆಗೆ, ಮನೆ ಖರ್ಚಿಗೆ ಅಂತ ತಿಂಗಳಿಗೆ 8,000 ಕೊಡುತ್ತೇನೆ. ನೇಪಾಳ, ಭೂತಾನ್, ಥಾಯ್ಲೆಂಡ್, ವಿಯೆಟ್ನಾಂ ನೋಡಿ ಕೊನೆಗೆ ಯುರೋಪಿಗೆ ಹೋಗಬೇಕು ಅಂತ ಆಸೆ. ಪಾಸ್‌ಪೋರ್ಟ್ ಇನ್ನೂ ಇಲ್ಲ. ಮಾಂಸ ತಿನ್ನುವುದಿಲ್ಲ. ಇಷ್ಟು ದುಡ್ಡಿನಲ್ಲಿ ವರ್ಷ ಕಳೆಯಬಹುದಾ? ಪಿಎಫ್ ತೆಗೆಯಲಾ? ನಿಜವಾಗಿ ಹೋಗಿ ಬಂದವರು ಹೇಳಿ.

ಶಹಾಬಾದ್ ಕಾಕಾ

ತಮ್ಮಾ, ನಾನು ಸಿಮೆಂಟ್ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಇದ್ದು ನಿವೃತ್ತನಾದವನು. ವಿದೇಶದ ಮಾತು ಬೇರೆಯವರು ಹೇಳಲಿ. ಈ ತಿಂಗಳು ರಾಜೀನಾಮೆ ಮಾತ್ರ ಕೊಡಬೇಡ.

ಗ್ರಾಚುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟಿಗೆ ಐದು ವರ್ಷ ಸೇವೆ ಬೇಕು. ನಿನಗೆ ಆರು ತಿಂಗಳು ಕಡಿಮೆ ಇದೆ. ನಿನ್ನ ಮೂಲ ವೇತನ, ಡಿಎ ಸೇರಿ 20,000 ಅಂತ ಇಟ್ಟುಕೋ. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 5ರಿಂದ ಗುಣಿಸು. ಹತ್ತಿರ ಹತ್ತಿರ 57,700 ಬರುತ್ತದೆ. ಮಿಲ್‌ನಲ್ಲಿ ಹತ್ತು ಜನ ಅಥವಾ ಜಾಸ್ತಿ ಕೆಲಸ ಮಾಡುತ್ತಿದ್ದರೆ ಇದು ನಿನ್ನ ಹಕ್ಕು.

ಪಿಎಫ್ ಮುಟ್ಟಬೇಡ. ಐದು ವರ್ಷಕ್ಕೆ ಮುಂಚೆ ತೆಗೆದರೆ ತೆರಿಗೆ ಬೀಳುತ್ತದೆ. ಕೆಲಸ ಬಿಟ್ಟ ಮಾತ್ರಕ್ಕೆ ಬಡ್ಡಿ ನಿಲ್ಲುವುದಿಲ್ಲ. ಪಿಎಫ್ ಜೊತೆಗಿರುವ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಆ ದುಡ್ಡನ್ನೂ ಎತ್ತಿಕೊಂಡರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು ಆಗುತ್ತದೆ. ಕಂಪನಿಯ ಆರೋಗ್ಯ ವಿಮೆಯಲ್ಲಿ ಅವ್ವನ ಹೆಸರು ಇದೆಯಾ ನೋಡು. ಇದ್ದರೆ ನೀನು ಬಿಟ್ಟ ದಿನವೇ ಅದೂ ಹೋಗುತ್ತದೆ. ಶುಗರ್ ಇದ್ದವರಿಗೆ ಹೊಸ ಪಾಲಿಸಿ ಮಾಡಿಸಿದರೆ ಆ ಕಾಯಿಲೆಗೆ ಸಾಮಾನ್ಯವಾಗಿ ಕಾಯುವ ಅವಧಿ ಇರುತ್ತದೆ. ಅದನ್ನು ಮೊದಲು ಮಾಡಿಸು.

ಮಂಜೀರಾ ದಂಡೆ

ನಾನು ಬೀದರ್‌ನವಳು. ಆಸ್ಪತ್ರೆ ಲ್ಯಾಬ್‌ನ ಕೆಲಸ ಬಿಟ್ಟು ನೇಪಾಳ, ಮಲೇಷ್ಯಾ, ವಿಯೆಟ್ನಾಂ, ಥಾಯ್ಲೆಂಡ್ ಸುತ್ತಿ ಬಂದಿದ್ದೇನೆ. ಈಗ ಮತ್ತೆ ಲ್ಯಾಬ್‌ನಲ್ಲೇ ಇದ್ದೇನೆ. ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿ ಆಯಿತು. ಹೋಗಿ. ಆದರೆ ಲೆಕ್ಕ ಹೀಗೆ ಹಾಕಿ.

ಆರು ಲಕ್ಷದಲ್ಲಿ ಮನೆಗೆ ಕೊಡುವ ವರ್ಷದ 96,000 ಮೊದಲೇ ತೆಗೆದು ಬೇರೆ ಖಾತೆಗೆ ಹಾಕಿ, ಅಪ್ಪನ ಖಾತೆಗೆ ತಿಂಗಳು ತಿಂಗಳು ತಾನೇ ಹೋಗುವಂತೆ ಮಾಡಿ. ವಾಪಸ್ ಬಂದಮೇಲೆ ಕೆಲಸ ಸಿಗುವ ತನಕ ಬದುಕಲು ಒಂದೂವರೆ ಲಕ್ಷ ಎತ್ತಿಡಿ. ಅದು ಇಲ್ಲದಿದ್ದರೆ ಬಂದ ವಾರವೇ ಸಿಕ್ಕ ಸಂಬಳಕ್ಕೆ ಒಪ್ಪಿಕೊಳ್ಳಬೇಕಾಗುತ್ತದೆ. ವಿಮಾನ, ವೀಸಾ, ಟ್ರಾವೆಲ್ ವಿಮೆಗೆ 60,000 ಹಿಡಿಯಿರಿ. ಉಳಿಯುವುದು 2,94,000. ತಿಂಗಳಿಗೆ 40,000 ಅಂದರೆ ಏಳು ತಿಂಗಳು. ಅಂದರೆ ನಿಮ್ಮ ಕೈಯಲ್ಲಿರುವುದು ವರ್ಷದ ದುಡ್ಡಲ್ಲ, ಏಳು ತಿಂಗಳದ್ದು. ಇದನ್ನು ಈಗಲೇ ಒಪ್ಪಿಕೊಂಡರೆ ಆಮೇಲೆ ಹೊಟ್ಟೆ ಕಟ್ಟಿ ತಿರುಗುವ ಪರಿಸ್ಥಿತಿ ಬರುವುದಿಲ್ಲ.

ಆ 40,000 ಸಾಲುತ್ತದಾ ಅನ್ನುವುದು ದೇಶದ ಮೇಲೆ ನಿಂತಿಲ್ಲ. ನೀವು ಎಷ್ಟು ಬೇಗ ಬೇಗ ಊರು ಬದಲಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ. ದುಡ್ಡು ತಿನ್ನುವುದು ಬಸ್ಸು, ಟಿಕೆಟ್, ಒಂದು ರಾತ್ರಿಯ ರೂಮು. ನಾನು ಪೋಖರಾದಲ್ಲಿ ತಿಂಗಳ ಬಾಡಿಗೆಗೆ ಕೋಣೆ ಹಿಡಿದಾಗ ದಿನದ ದರದ ಅರ್ಧವೂ ಬೀಳಲಿಲ್ಲ. ಮನೆಯವರ ಜೊತೆ ಅಡುಗೆ ಮಾಡಿದೆ. ತರಕಾರಿ ಸಂತೆಯಲ್ಲಿ ಎರಡನೇ ವಾರಕ್ಕೆ ನನ್ನ ಗುರುತು ಹಿಡಿದರು. ಎಲ್ಲಾ ನೋಡಲೇಬೇಕು ಅಂತ ಓಡುವವರಿಗೆ ಅದೇ ನೇಪಾಳ ಎರಡು ಪಟ್ಟು ಖರ್ಚು.

ನೇಪಾಳಕ್ಕೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ವೋಟರ್ ಕಾರ್ಡ್ ಸಾಕು. ಆಧಾರ್ ನಂಬಿಕೊಂಡು ಹೋಗಬೇಡಿ. ನಮ್ಮ 100 ರೂಪಾಯಿಗೆ ಅಲ್ಲಿನ 160 ಸಿಗುತ್ತದೆ, ಈ ದರ ನಿಗದಿಯಾಗಿಯೇ ಇದೆ. ಅನ್ನಪೂರ್ಣ ಪ್ರದೇಶಕ್ಕೆ ನಡೆಯಲು ಹೋದರೆ ಪರ್ಮಿಟ್ ದರ ಬೇರೆ ವಿದೇಶಿಗರಿಗಿಂತ ನಮಗೆ ಕಡಿಮೆ. ಭೂತಾನ್ ಹತ್ತಿರ ಇದೆ ಅಂತ ಅಗ್ಗ ಅಂದುಕೊಳ್ಳಬೇಡಿ. ಭಾರತೀಯರಿಗೂ ರಾತ್ರಿಗೆ 1,200 ರೂಪಾಯಿ ಸರ್ಕಾರಿ ಶುಲ್ಕ ಇದೆ, ರೂಮು ಊಟ ಬೇರೆ. ಹತ್ತು ರಾತ್ರಿಗೆ 12,000 ಶುಲ್ಕಕ್ಕೇ ಹೋಯಿತು. ನನ್ನ ಕೇಳಿದರೆ ಈ ಸಲ ಅದನ್ನು ಬಿಡಿ.

ವಿಯೆಟ್ನಾಂಗೆ ಮನೆಯಲ್ಲೇ ಕೂತು ಇ-ವೀಸಾ ಮಾಡಬಹುದು, 25 ಡಾಲರ್, 90 ದಿನದ ತನಕ ಸಿಗುತ್ತದೆ. ಹನೋಯ್‌ನಿಂದ ಹೋ ಚಿ ಮಿನ್ ನಗರದ ತನಕ 1,726 ಕಿಲೋಮೀಟರ್ ರೈಲು ಇದೆ. ರಾತ್ರಿ ಹತ್ತಿದರೆ ಒಂದು ರೂಮಿನ ದುಡ್ಡು ಉಳಿಯಿತು. ಮಲೇಷ್ಯಾ 2023ರ ಡಿಸೆಂಬರ್‌ನಿಂದ ನಮ್ಮವರನ್ನು 30 ದಿನ ವೀಸಾ ಇಲ್ಲದೆ ಬಿಡುತ್ತಿದೆ. ಹೈದರಾಬಾದ್‌ನಿಂದ ಕೌಲಾಲಂಪುರಕ್ಕೆ ನೇರ ವಿಮಾನ ಇದೆ, ಅಲ್ಲಿಂದ ಮುಂದಿನ ಟಿಕೆಟ್‌ಗಳು ಅಗ್ಗ. ಈ ನಿಯಮಗಳು, ಅದರಲ್ಲೂ ಥಾಯ್ಲೆಂಡ್‌ನವು, ಆಗಾಗ ಬದಲಾಗುತ್ತವೆ. ಟಿಕೆಟ್ ತೆಗೆಯುವ ದಿನ ಆ ದೇಶದ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ, ವಿಡಿಯೋ ಮಾಡುವವರ ಮಾತು ನಂಬಬೇಡಿ.

ಇನ್ನು ಯುರೋಪು. ಅಲ್ಲಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾದ ಫೀ 90 ಯೂರೋ. ವೀಸಾ ಕೊಡದಿದ್ದರೂ ಆ ದುಡ್ಡು ವಾಪಸ್ ಇಲ್ಲ. ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್, ಕಂಪನಿಯ ರಜೆ ಪತ್ರ, 30,000 ಯೂರೋ ವಿಮೆ ಕೇಳುತ್ತಾರೆ. ನೀವು ವಾಪಸ್ ಬರುತ್ತೀರಿ ಅನ್ನುವುದಕ್ಕೆ ಅವರಿಗೆ ದೊಡ್ಡ ಸಾಕ್ಷಿ ನಿಮ್ಮ ಕೆಲಸ. ಅದನ್ನೇ ಬಿಟ್ಟು, ಪ್ರವಾಸದ ಕೊನೆಗೆ, ಖಾತೆಯಲ್ಲಿ ದುಡ್ಡು ಕರಗಿದ ಹೊತ್ತಿಗೆ ಅರ್ಜಿ ಹಾಕಿದರೆ ಏನಾಗಬಹುದು ಯೋಚಿಸಿ. ಸುಳ್ಳು ರಜೆ ಪತ್ರ ಮಾಡಿಕೊಡುತ್ತೇವೆ ಅನ್ನುವ ಏಜೆಂಟರ ಹತ್ತಿರವೂ ಹೋಗಬೇಡಿ. ಯುರೋಪನ್ನು ಮುಂದೆ ಯಾವಾಗಾದರೂ ಕೆಲಸದಲ್ಲಿ ಇದ್ದುಕೊಂಡೇ ಎರಡು ವಾರ ರಜೆಯಲ್ಲಿ ನೋಡಿ.

ಸೇಡಂ ರಸ್ತೆ

ಕಾಕಾ, ಅಕ್ಕಾ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಗ್ರಾಚುಟಿ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಅಕ್ಕಾ, ವಿಯೆಟ್ನಾಂನಲ್ಲಿ ಸಸ್ಯಾಹಾರಿಗಳು ಏನು ತಿನ್ನುತ್ತಾರೆ? ಪಾಸ್‌ಪೋರ್ಟ್ ಕಲಬುರಗಿಯಲ್ಲೇ ಆಗುತ್ತದಾ?

ಮಂಜೀರಾ ದಂಡೆ

ಆಗುತ್ತದೆ. 36 ಪುಟದ್ದಕ್ಕೆ 1,500 ರೂಪಾಯಿ. ಅರ್ಜಿ ಹಾಕುವ ಮುಂಚೆ ಹತ್ತನೇ ತರಗತಿ ಅಂಕಪಟ್ಟಿ, ಪ್ಯಾನ್, ಆಧಾರ್ ಮೂರನ್ನೂ ಮುಂದಿಟ್ಟುಕೊಂಡು ಹೆಸರು ಅಕ್ಷರ ಅಕ್ಷರ ಹೋಲಿಸಿ. ನಮ್ಮ ಕಡೆ ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಬರೀ ಇನಿಷಿಯಲ್, ಮತ್ತೊಂದರಲ್ಲಿ ಊರಿನ ಹೆಸರು ಇರುತ್ತದೆ. ಮೊದಲು ಅದನ್ನು ಸರಿ ಮಾಡಿಸಿ. ಸರ್‌ನೇಮ್ ಕಾಲಂ ಖಾಲಿ ಬಿಡಬೇಡಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇದ್ದು, ಎರಡನೇ ಪುಟದಲ್ಲೂ ಅಪ್ಪನ ಅಥವಾ ಮನೆತನದ ಹೆಸರು ಇಲ್ಲದವರನ್ನು ಯುಎಇ 2022ರ ನವೆಂಬರ್‌ನಿಂದ ವಿಸಿಟ್ ವೀಸಾದ ಮೇಲೆ ಒಳಗೆ ಬಿಡುತ್ತಿಲ್ಲ.

ವಿಯೆಟ್ನಾಂನಲ್ಲಿ ಊಟಕ್ಕೆ 'ಚಾಯ್' (chay) ಅಂತ ಬೋರ್ಡ್ ಇರುವ ಅಂಗಡಿ ಹುಡುಕಿ, ಇಂಗ್ಲಿಷ್ ಅಕ್ಷರದಲ್ಲೇ ಬರೆದಿರುತ್ತಾರೆ. ಅದು ಬೌದ್ಧರ ಸಸ್ಯಾಹಾರ. ಹ್ಯುವೆ ಊರಿನಲ್ಲಿ ಇಂಥ ಅಂಗಡಿಗಳು ತುಂಬಾ ಇವೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಅಲ್ಲಿನ ಎಷ್ಟೋ ಮನೆಗಳಲ್ಲಿ ಮಾಂಸ ಬಿಡುತ್ತಾರೆ, ಆಗ ಇನ್ನೂ ಸುಲಭ. ಬೇರೆ ಕಡೆ ಬರೀ 'ಮಾಂಸ ಬೇಡ' ಅಂದರೆ ಸಾಲದು, ಮೀನಿನ ಸಾಸ್ ಎಲ್ಲದಕ್ಕೂ ಹಾಕುತ್ತಾರೆ. ನಾನು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿ ಪುಡಿ) ಕಟ್ಟಿಕೊಂಡು ಹೋಗಿದ್ದೆ. ಹಿಂಡಿ ಬಿಸಿ ಅನ್ನಕ್ಕೆ ಕಲಸಿಕೊಂಡರೆ ಒಂದು ಹೊತ್ತು ಮುಗಿಯುತ್ತದೆ.

ಯಾದಗಿರಿ ಮಾಸ್ತರ್

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕೆಲಸ ಯಾಕೆ ಬಿಡಬೇಕು? ನಮ್ಮ ಭಾಗದಲ್ಲಿ ಸಮಯಕ್ಕೆ ಸಂಬಳ ಕೊಡುವ ಮಾಲೀಕ ಸಿಗುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು. ನಮ್ಮ ಹೊಲದಲ್ಲೂ ತೊಗರಿ ಇದೆ, ಅದಕ್ಕೇ ಹೇಳುತ್ತೇನೆ. ಜೂನ್ ಜುಲೈನಲ್ಲಿ ಬಿತ್ತುತ್ತೇವೆ, ಡಿಸೆಂಬರ್ ಜನವರಿಗೆ ರಾಶಿ. ಹೊಸ ಮಾಲು ಬಂದಮೇಲೆ ಮಿಲ್‌ಗೆ ಕೆಲಸ ಜೋರು, ಮಳೆಗಾಲದಲ್ಲಿ ಕಡಿಮೆ. ಹೇಗೂ ನಿಮ್ಮ ದುಡ್ಡು ಏಳು ತಿಂಗಳದ್ದು ಅಂತ ಆಯಿತಲ್ಲ. ಜೂನ್ ಕೊನೆಯಿಂದ ಡಿಸೆಂಬರ್ ತನಕ ಸಂಬಳ ಇಲ್ಲದ ರಜೆ ಕೇಳಿ ನೋಡಿ. ರಾಶಿಯ ಹೊತ್ತಿಗೆ ಬಂದೇ ಬರುತ್ತೇನೆ ಅಂತ ಮಾತು ಕೊಡಿ. ಒಪ್ಪಿದರೆ ಕಾಗದದಲ್ಲಿ ಬರೆಸಿಕೊಳ್ಳಿ. ಸೇವೆ ಮುರಿಯುವುದಿಲ್ಲ, ಹೆಣ್ಣಿನ ಮನೆಯವರಿಗೂ 'ಹುಡುಗ ಕೆಲಸದಲ್ಲಿದ್ದಾನೆ' ಅಂತ ನಿಜವನ್ನೇ ಹೇಳಬಹುದು.

ಸೇಡಂ ರಸ್ತೆ

ಸರ್, ಇದು ಯೋಚಿಸುವ ಮಾತು. ಸೆಪ್ಟೆಂಬರ್‌ನಲ್ಲಿ ಆಡಿಟ್ ಕೆಲಸ ಇರುತ್ತದೆ, ಅದಕ್ಕೆ ಯಾರನ್ನಾದರೂ ತಯಾರು ಮಾಡಬೇಕು. ಆದರೆ ಮಳೆಗಾಲದಲ್ಲಿ ಆ ದೇಶಗಳಿಗೆ ಹೋಗಿ ಏನು ನೋಡುವುದು ಅಂತ ಅನುಮಾನ.

ಮಂಜೀರಾ ದಂಡೆ

ಮಾಸ್ತರ್ ಹೇಳಿದ್ದು ಚೆನ್ನಾಗಿದೆ. ಮಳೆ ಎಲ್ಲಾ ಕಡೆ ಒಂದೇ ಸಮಯಕ್ಕೆ ಬರುವುದಿಲ್ಲ. ಜುಲೈನಲ್ಲಿ ಮಲೇಷ್ಯಾದ ಪೂರ್ವ ಕರಾವಳಿ ಚೆನ್ನಾಗಿರುತ್ತದೆ. ಆಗಸ್ಟ್‌ನಲ್ಲಿ ವಿಯೆಟ್ನಾಂನ ನಡು ಭಾಗ, ಅಂದರೆ ಹ್ಯುವೆ, ದಾ ನಾಂಗ್, ಹೋಯ್ ಆನ್. ಅಲ್ಲಿ ಜೋರು ಮಳೆ ಅಕ್ಟೋಬರ್, ನವೆಂಬರ್‌ನಲ್ಲಿ, ಅಷ್ಟೊತ್ತಿಗೆ ನೀವು ಉತ್ತರಕ್ಕೆ ಹನೋಯ್ ಕಡೆ ದಾಟಿರಬೇಕು. ಅಕ್ಟೋಬರ್ ಮಧ್ಯದಿಂದ ನವೆಂಬರ್ ನೇಪಾಳಕ್ಕೆ ಇಡಿ. ಮಳೆ ತೊಳೆದ ಆಕಾಶ, ಹಿಮದ ಬೆಟ್ಟ ಪೋಖರಾದ ಮನೆ ಮಾಳಿಗೆಯಿಂದಲೇ ಕಾಣುತ್ತದೆ. ಅಲ್ಲಿಂದ ಸುನೌಲಿ ಗಡಿ ದಾಟಿ ಗೋರಖ್‌ಪುರಕ್ಕೆ ಬಂದು ರೈಲು ಹಿಡಿದರೆ ವಾಪಸ್ ವಿಮಾನದ ಖರ್ಚೇ ಇಲ್ಲ. ಬಿಸಿಲಿಗೆ ಹೆದರಬೇಡಿ, ಆದರೆ ನಮ್ಮದು ಒಣ ಬಿಸಿಲು, ಅಲ್ಲಿಯದು ಬೆವರು. ಮೊದಲ ವಾರ ಸುಸ್ತಾಗುತ್ತದೆ.

ಕೋಟೆ ಓಣಿ, ಬೀದರ್

ದುಡ್ಡು, ವೀಸಾ ಎಲ್ಲಾ ಹೇಳಿದ್ದಾರೆ. ನಾನು ಒಂದೇ ಮಾತು ಸೇರಿಸುತ್ತೇನೆ. 15ನೇ ಶತಮಾನದಲ್ಲಿ ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ನಮ್ಮ ಬೀದರ್‌ಗೆ ಬಂದಿದ್ದ. ಮಹಮೂದ್ ಗವಾನ್ ವಜೀರನಾಗಿದ್ದ ಕಾಲ ಅದು. ದಾರಿಯಲ್ಲೇ ವೋಲ್ಗಾ ನದಿಯ ಮೇಲೆ ಅವನನ್ನು ದೋಚಿದ್ದರು. ಆದರೂ ಒಂದು ಕುದುರೆ ತಂದು ಇಲ್ಲಿ ಮಾರಿದ. ಅವನು ಬರೆದಿಟ್ಟಿದ್ದರಲ್ಲಿ ನನ್ನ ಮನಸ್ಸಿಗೆ ತಾಗಿದ್ದು ಬೇರೆ. ಪುಸ್ತಕಗಳೆಲ್ಲ ಕಳೆದುಹೋಗಿ ತಮ್ಮ ಹಬ್ಬ, ಉಪವಾಸ ಯಾವ ದಿನ ಬರುತ್ತವೆ ಅಂತಲೇ ಗೊತ್ತಾಗುತ್ತಿಲ್ಲ ಅಂತ ಮತ್ತೆ ಮತ್ತೆ ಸಂಕಟಪಡುತ್ತಾನೆ.

ದೂರ ಹೋದಾಗ ಊಟಕ್ಕಿಂತ ಜಾಸ್ತಿ ಕಾಡುವುದು ಇದೇ. ನಾನು ಗಲ್ಫ್‌ನಲ್ಲಿದ್ದಾಗ ಎಳ್ಳ ಅಮಾವಾಸ್ಯೆ ಬಂದರೆ ಏನೂ ಬೇಡ ಅನಿಸುತ್ತಿತ್ತು. ಇಲ್ಲಿ ಎಲ್ಲರೂ ಭೂತಾಯಿಗೆ ಅಂತ ಹೊಲದಲ್ಲಿ ಚರಗ ಚೆಲ್ಲಿ ಭಜ್ಜಿ, ಕಡುಬು ಉಣ್ಣುತ್ತಿರುತ್ತಾರೆ, ನಾನು ಅಲ್ಲಿ ಒಬ್ಬನೇ. ನಿಮ್ಮ ಮನೆಯಲ್ಲೂ ಅದು ದೊಡ್ಡ ಹಬ್ಬವೇ ಇರಬೇಕು. ಡಿಸೆಂಬರ್ ಕೊನೆಗೋ ಜನವರಿಗೋ ಬರುತ್ತದೆ. ಅದಕ್ಕೆ ಮುಂಚೆ ಮನೆ ಸೇರುವಂತೆ ದಿನ ಗೊತ್ತು ಮಾಡಿ. 'ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಇರುತ್ತೇನೆ' ಅಂದರೆ ಅಪ್ಪ ಅವ್ವನಿಗೂ ಧೈರ್ಯ ಬರುತ್ತದೆ.

ಸೇಡಂ ರಸ್ತೆ

ನಿನ್ನೆ ರಾತ್ರಿ ಅಪ್ಪನ ಹತ್ತಿರ ಮಾತಾಡಿದೆ. ಈ ಕೊನೆಯ ಮಾತನ್ನೇ ಮೊದಲು ಹೇಳಿದೆ. ಅವರು ಬೇಡ ಅನ್ನಲಿಲ್ಲ, ಅವ್ವನ ಮಾತ್ರೆಯ ಲೆಕ್ಕ ಕೇಳಿದರು. 96,000 ಬೇರೆ ಇಡುತ್ತೇನೆ ಅಂದೆ. ಮಾಲೀಕರನ್ನು ಮಾರ್ಚ್ ಲೆಕ್ಕ ಮುಗಿದಮೇಲೆ ಕೇಳುತ್ತೇನೆ. ಒಪ್ಪದಿದ್ದರೆ ಐದು ವರ್ಷ ತುಂಬಿದ ಮೇಲೆ ರಾಜೀನಾಮೆ. ನನ್ನ ಪ್ಯಾನ್‌ನಲ್ಲಿ ಇನಿಷಿಯಲ್ ಮಾತ್ರ ಇದೆ, ಈ ವಾರ ತಿದ್ದುಪಡಿಗೆ ಹಾಕುತ್ತಿದ್ದೇನೆ. ಅಲ್ಲಿಗೆ ಹೋದಮೇಲೆ ದುಡ್ಡು ತೆಗೆಯುವುದು ಹೇಗೆ ಅಂತ ಒಂದು ಉಳಿದಿದೆ.

ಮಂಜೀರಾ ದಂಡೆ

ಎರಡು ಬ್ಯಾಂಕಿನ ಎರಡು ಕಾರ್ಡ್ ಇಟ್ಟುಕೊಳ್ಳಿ, ಒಂದು ಚೀಲದಲ್ಲಿ, ಒಂದು ಮೈಮೇಲೆ. ಎರಡರಲ್ಲೂ ವಿದೇಶಿ ವಹಿವಾಟನ್ನು ಆ್ಯಪ್‌ನಲ್ಲಿ ಇಲ್ಲಿಂದಲೇ ಆನ್ ಮಾಡಿ. ಎಷ್ಟೋ ಕಾರ್ಡ್‌ಗಳು ಹೊರಗೆ ಪ್ರತಿ ಸಲ ಶೇ 3.5ರ ತನಕ ಹಿಡಿಯುತ್ತವೆ, ಕಡಿಮೆ ಹಿಡಿಯುವುದನ್ನು ಕೇಳಿ ತೆಗೆದುಕೊಳ್ಳಿ. ಎಟಿಎಂನಲ್ಲಿ ಸಣ್ಣ ಸಣ್ಣ ಮೊತ್ತ ತೆಗೆಯಬೇಡಿ, ಪ್ರತಿ ಸಲ ಬೇರೆ ಶುಲ್ಕ. ಎಲ್ಲಕ್ಕಿಂತ ಮುಖ್ಯ, ಬ್ಯಾಂಕಿಗೆ ಕೊಟ್ಟ ಸಿಮ್ ಸಾಯದಂತೆ ನೋಡಿಕೊಳ್ಳಿ. ರೋಮಿಂಗ್ ಆನ್ ಮಾಡಿಸಿ, ರೀಚಾರ್ಜ್ ಜವಾಬ್ದಾರಿ ಮನೆಯಲ್ಲಿ ಯಾರಿಗಾದರೂ ಕೊಡಿ. ಸಿಮ್ ನಿಂತರೆ ಒಟಿಪಿ ಇಲ್ಲ, ಒಟಿಪಿ ಇಲ್ಲದಿದ್ದರೆ ಖಾತೆಯಲ್ಲಿ ಎಷ್ಟಿದ್ದರೂ ಆನ್‌ಲೈನ್‌ನಲ್ಲಿ ಒಂದು ಟಿಕೆಟ್ ತೆಗೆಯುವುದೂ ಕಷ್ಟ. ಪ್ಯಾನ್ ತಿದ್ದುಪಡಿ ಬಂದಮೇಲೆ ಇಲ್ಲೇ ಬರೆಯಿರಿ, ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ನಾನೂ ಜೊತೆಗೆ ನೋಡುತ್ತೇನೆ.