ಸಹಾಯ ಬೇಕು: ಮ್ಯೂನಿಕ್‌ನಲ್ಲಿ ಹಸಿ ಬೇವು ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. 2026ರ ಯುಗಾದಿ ಮಾರ್ಚ್ 19, ಗುರುವಾರ. ಆಫೀಸ್ ಮುಗಿಸಿ ಸಂಜೆ ನಮ್ಮ ಮನೆಯಲ್ಲಿ ಎಂಟು ಜನ ಸ್ನೇಹಿತರ ಜೊತೆ ಹಬ್ಬ. ಅಮ್ಮ ಹಾಸನದಿಂದ ಬಂದಿದ್ದಾರೆ, ಇಲ್ಲಿ ಅವರ ಮೊದಲ ಯುಗಾದಿ.

ಒಬ್ಬಟ್ಟಿಗೆ ಬೇಳೆ, ಬೆಲ್ಲ ಎಲ್ಲ ತಂದಾಯಿತು. ಬೇವು ಮಾತ್ರ ಸಿಕ್ಕಿಲ್ಲ. ಹಸಿ ಸೊಪ್ಪನ್ನು ಸರ್ಟಿಫಿಕೇಟ್ ಇಲ್ಲದೆ ಊರಿಂದ ತರುವ ಹಾಗಿಲ್ಲ ಅಲ್ವಾ. ತಮಿಳರ ಅಂಗಡಿಯಲ್ಲಿ ಒಣಗಿದ ಬೇವಿನ ಹೂ ಸಿಕ್ಕಿತು. ಅಮ್ಮ ಅದನ್ನು ಅಂಗೈಗೆ ಸುರಿದುಕೊಂಡು ಮೂಸಿ ನೋಡಿದರು, ಏನೂ ಹೇಳದೆ ಡಬ್ಬಿಗೆ ಹಾಕಿಟ್ಟರು. ನನಗೆ ತುಂಬಾ ಬೇಜಾರಾಯಿತು.

ಯಾರ ಮನೆಯಲ್ಲಾದರೂ ಕುಂಡದಲ್ಲಿ ಬೇವಿನ ಗಿಡ ಇದೆಯಾ? ನಾಲ್ಕು ಎಳೆ ಎಲೆ ಸಾಕು. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಸಂಜೆ ನೀವೂ ಮನೆಯವರ ಜೊತೆ ಊಟಕ್ಕೆ ಬರಲೇಬೇಕು.