ಅಂಕ ಹೆಚ್ಚಿದ್ದರೆ ಫೋನು ವೇಗವೇ?

ಶಿಡ್ಲಘಟ್ಟದ ಓದುಗ: ಫೋನಿನ ವೇಗ ಅಳೆಯುವ ಗೀಕ್‌ಬೆಂಚ್ ಪರೀಕ್ಷೆಯ ಒಂಟಿ ಕೋರಿನ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಒಂದು ಘಟಕದ) ಅಂಕಗಳಲ್ಲಿ ಐಫೋನುಗಳು ವರ್ಷಗಟ್ಟಲೆ ಮುಂದಿದ್ದವು. ಐಫೋನಿನೊಳಗಿನ, ನಮ್ಮ ನರಸಾಪುರದಲ್ಲಿ ತಯಾರಾಗುವ ಪ್ರೊಸೆಸರ್‌ನೊಂದಿಗೆ ಆಂಡ್ರಾಯ್ಡ್ ಫೋನುಗಳನ್ನು ಹೋಲಿಸುವುದೇ ವ್ಯರ್ಥ ಎಂಬುದು ನನ್ನ ಖಚಿತ ಅಭಿಪ್ರಾಯ.

ಪಾವಗಡದವನು: ಆ ಅಂಕ ಕೆಲವೇ ನಿಮಿಷಗಳ ಓಟದ್ದು. ಅಂಕ ನೋಡಿಯೇ ನಾನು ಕೊಂಡ ಫೋನು, ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಅರ್ಧ ಗಂಟೆ ವಿಡಿಯೊ ತೆಗೆಯುವಷ್ಟರಲ್ಲಿ ಕಾದು, ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ತಡವರಿಸುತ್ತದೆ. ಬಿಸಿಯಾದ ಮೇಲೆ ಎಷ್ಟು ವೇಗ ಉಳಿಯುತ್ತದೆ ಎಂಬುದನ್ನು ಅಳೆಯಬೇಕು.

ಕೋಲಾರದವನು: ‘ನರಸಾಪುರದಲ್ಲಿ ತಯಾರಾಗುವ ಪ್ರೊಸೆಸರ್’ ಎಂಬುದನ್ನು ಮೊದಲು ತಿದ್ದಿಕೊಳ್ಳಿ. ವಿಸ್ಟ್ರಾನ್ ಕಂಪನಿಯ ಕೈಯಿಂದ 2023ರಲ್ಲಿ ಟಾಟಾ ಸಂಸ್ಥೆಗೆ ಬಂದ ಅಲ್ಲಿನ ಐಫೋನ್ ಕಾರ್ಖಾನೆಯಲ್ಲಿ ನಡೆಯುವುದು ಫೋನಿನ ಜೋಡಣೆ. ಪ್ರೊಸೆಸರ್ ಎಂಬ ಚಿಪ್ಪನ್ನು ತಯಾರಿಸುವುದು ತೈವಾನಿನ ಟಿಎಸ್‌ಎಂಸಿ ಕಂಪನಿ.

ಶಿಡ್ಲಘಟ್ಟದ ಓದುಗ: ಜೋಡಣೆಯೆಂದು ಹಗುರವಾಗಿ ಮಾತನಾಡಬೇಡಿ, ನಮ್ಮ ಕಡೆಯ ಹೆಣ್ಣುಮಕ್ಕಳು ಅಲ್ಲಿ ದುಡಿಯುತ್ತಿದ್ದಾರೆ. ಚಿಪ್ಪನ್ನು ಯಾರು ತಯಾರಿಸಿದರೇನು, ವಿನ್ಯಾಸ ಆಪಲ್‌ನದೇ ತಾನೆ?

ಕೋಲಾರದವನು: ದುಡಿಯುವವರನ್ನು ನಾನು ಹಗುರಗೊಳಿಸಿಲ್ಲ. ಶಿಡ್ಲಘಟ್ಟದಲ್ಲಿ ಬಿಚ್ಚಿದ ರೇಷ್ಮೆ ನೂಲಿನಿಂದ ಬೇರೆ ಊರಿನಲ್ಲಿ ಸೀರೆ ನೇಯ್ದರೆ, ನೂಲೂ ಆ ಊರಿನದೇ ಎಂದರೆ ನೀವು ಒಪ್ಪುತ್ತೀರಾ? ‘ಯಾರು ತಯಾರಿಸಿದರೇನು’ ಎಂಬುದಂತೂ ಶುದ್ಧ ತಪ್ಪು. ಸ್ಯಾಮ್‌ಸಂಗ್‌ನ 4 ನ್ಯಾನೋಮೀಟರ್ ತಂತ್ರದಲ್ಲಿ ತಯಾರಾದ, ಆಂಡ್ರಾಯ್ಡ್ ಫೋನುಗಳ ಸ್ನಾಪ್‌ಡ್ರಾಗನ್ 8 ಜೆನ್ 1 ಚಿಪ್ಪು ಬಿಸಿಗೆ ಹೆಸರಾಯಿತು; ಬಹುತೇಕ ಅದೇ ವಿನ್ಯಾಸ 2022ರಲ್ಲಿ ಟಿಎಸ್‌ಎಂಸಿಯ 4 ನ್ಯಾನೋಮೀಟರ್‌ಗೆ ಹೋಗಿ 8 ಪ್ಲಸ್ ಜೆನ್ 1 ಆದಾಗ, ಮುಖ್ಯ ಕೋರಿನ ವೇಗ 3ರಿಂದ 3.2 ಗಿಗಾಹರ್ಟ್ಸ್‌ಗೆ ಏರಿತು, ವಿದ್ಯುತ್ ಬಳಕೆ ಮಾತ್ರ ಇಳಿಯಿತು.

ತುಮಕೂರಿನವನು: ‘4 ನ್ಯಾನೋಮೀಟರ್’ ಎಂಬುದು ಮಾರಾಟದ ಹೆಸರು. ಚಿಪ್ಪಿನೊಳಗಿನ ಪುಟ್ಟ ಸ್ವಿಚ್ಚಾದ ಟ್ರಾನ್ಸಿಸ್ಟರಿನ ಯಾವ ಭಾಗದ ನಿಜವಾದ ಅಳತೆಯೂ ಅದಲ್ಲ.

ಕೋಲಾರದವನು: ಹೆಸರು ಒಂದೇ, ಫಲ ಬೇರೆ ಎಂದೇ ನಾನು ಬರೆದದ್ದು. ಪೂರ್ತಿ ಓದಿ ಉತ್ತರಿಸಿ ಸ್ವಾಮಿ!

ಶಿಡ್ಲಘಟ್ಟದ ಓದುಗ: ಬಿಸಿಗೆ ಹೆಸರಾದದ್ದು ಆಂಡ್ರಾಯ್ಡ್ ಚಿಪ್ಪೇ ಎಂದು ನೀವೇ ಒಪ್ಪಿದಿರಿ. 2022ರ ಮಾರ್ಚ್‌ನಲ್ಲಿ ಗೀಕ್‌ಬೆಂಚ್ ತನ್ನ ಪಟ್ಟಿಯಿಂದ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್10ರಿಂದ ಎಸ್22ರವರೆಗಿನ ಫೋನುಗಳನ್ನು ತೆಗೆದುಹಾಕಿತು. ಆಟಗಳಿಗೂ ಇತರ ಆ್ಯಪ್‌ಗಳಿಗೂ ಕಡಿವಾಣ ಹಾಕುತ್ತಿದ್ದ ಅವು ಪರೀಕ್ಷೆಯ ಆ್ಯಪ್‌ಗೆ ಮಾತ್ರ ಪೂರ್ಣ ವೇಗ ಕೊಡುತ್ತಿದ್ದವು.

ಪಾವಗಡದವನು: ಹಾಗಾದರೆ ಅಂಕವನ್ನು ನಂಬಬಾರದು ಎಂಬ ನನ್ನ ಮಾತೇ ನಿಜವಾಯಿತಲ್ಲ! 2023ರಲ್ಲಿ ಐಫೋನ್ 15 ಪ್ರೊ ಬಿಸಿಯಾಗುತ್ತದೆಂಬ ದೂರುಗಳಿಗೆ ಆಪಲ್ ಐಒಎಸ್ 17.0.3 ಎಂಬ ತಿದ್ದಿದ ತಂತ್ರಾಂಶ ಬಿಡುಗಡೆ ಮಾಡಬೇಕಾಯಿತು.

ಶಿಡ್ಲಘಟ್ಟದ ಓದುಗ: ಅದು ತಂತ್ರಾಂಶದ ದೋಷ, ಪ್ರೊಸೆಸರ್‌ನದಲ್ಲ.

ಪಾವಗಡದವನು: ಕೈ ಸುಡುವಾಗ ದೋಷ ಯಾವುದರದೆಂದು ಯಾರು ಕೇಳುತ್ತಾರೆ? ಒಂದೇ ಪರೀಕ್ಷೆಯನ್ನು ಸುತ್ತು ಸುತ್ತಾಗಿ ಓಡಿಸುವ 3ಡಿಮಾರ್ಕ್ ಆ್ಯಪ್‌ನ 20 ನಿಮಿಷದ ಒತ್ತಡ ಪರೀಕ್ಷೆಯಲ್ಲಿ ಮೊದಲ ಸುತ್ತಿನ ಅಂಕ, ಕೊನೆಯ ಸುತ್ತಿನ ಅಂಕ ಎರಡನ್ನೂ ಇಲ್ಲಿ ಹಾಕಿ, ಆಮೇಲೆ ಮಾತನಾಡೋಣ.

ಕೋಲಾರದವನು: ಅದಕ್ಕೂ ಮೊದಲು ನರಸಾಪುರದ ಸಾಲನ್ನು ತಿದ್ದಿ.