ಸಹಾಯ ಬೇಕು: 1975ರಲ್ಲಿ ಹಳ್ಳಿಗೆ ಬಂದ ಟಿವಿ ನೋಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ವಿಜಯಪುರ, ಬಾಗಲಕೋಟೆ ಕಡೆಯ ಹಿರಿಯರಿಂದ ಒಂದು ಸಹಾಯ ಬೇಕು.

ನಮ್ಮ ಭಾಗಕ್ಕೆ ರೇಡಿಯೊ ಅಂದ್ರೆ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ. ಅದರ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ಟಿವಿ ಕಥೆಯೇ ಬೇರೆ. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರಲ್ಲಿ. ಅದಕ್ಕೂ ಮೊದಲೇ ನಮ್ಮ ಹಳ್ಳಿಗಳಲ್ಲಿ ಟಿವಿ ಇತ್ತು! 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಇಸ್ರೊದ ‘ಸೈಟ್’ (SITE, ಅಂದ್ರೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿಯಲ್ಲಿ ಶಿಕ್ಷಣ ಕೊಡುವ) ಪ್ರಯೋಗದಲ್ಲಿ ಕರ್ನಾಟಕದಿಂದ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿದ್ದವು. ಆಗ ಬಾಗಲಕೋಟೆಯೂ ವಿಜಾಪುರ ಜಿಲ್ಲೆಯೊಳಗೇ ಇತ್ತು, ಅಲ್ವಾ? ನಾಸಾದ ಎಟಿಎಸ್-6 ಉಪಗ್ರಹದಿಂದ ಕಾರ್ಯಕ್ರಮ ನೇರವಾಗಿ ಹಳ್ಳಿಗೇ ಇಳಿಯುತ್ತಿತ್ತು. ನಡುವೆ ಟವರ್ ಬೇಕಿರಲಿಲ್ಲ. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರವರಿಗೆ.

ನಮ್ಮ ಅಜ್ಜ ಇದನ್ನು ಹೇಳುವಾಗ ಎರಡೂ ಕೈ ಅಗಲಿಸಿ ತೋರಿಸುತ್ತಿದ್ದರು. ಕೋಳಿಗೂಡಿನ ಜಾಳಿಗೆಯಂಥ ತಂತಿಯ ದೊಡ್ಡ ಛತ್ರಿ, ಆಕಾಶಕ್ಕೆ ಬಾಯಿ ತೆರೆದು ಕೂತಿತ್ತಂತೆ. ಅಜ್ಜ ಈಗಿಲ್ಲ. ಅವರಿದ್ದಾಗ ಬರೆದಿಟ್ಟುಕೊಳ್ಳಲಿಲ್ಲ ಅನ್ನೋದು ಇನ್ನೂ ಮನಸ್ಸಿಗೆ ಚುಚ್ಚುತ್ತದೆ.

ನಿಮ್ಮ ಊರಲ್ಲಿ ಆ ಟಿವಿ ಇತ್ತಾ? ಶಾಲೆಯಲ್ಲೋ, ಪಂಚಾಯಿತಿಯಲ್ಲೋ? ಆನ್ ಮಾಡೋರು ಯಾರು? ಮೊದಲ ದಿನ ಏನು ನೋಡಿದಿರಿ? ನಿಮ್ಮ ಮನೆಯ ಅವ್ವ, ಕಾಕಾ, ಸೋದರತ್ತೆಯರನ್ನೂ ಒಮ್ಮೆ ಕೇಳಿ ನೋಡಿ. ಹೆಣ್ಣುಮಕ್ಕಳು ಎಲ್ಲಿ ಕೂತು ನೋಡುತ್ತಿದ್ದರು ಅನ್ನೋದು ನನಗೆ ಜಾಸ್ತಿ ಬೇಕು. ಒಂದು ಮಸುಕಾದ ಫೋಟೊ ಸಿಕ್ಕರೂ ಸಾಕು. ಆಮೇಲೆ ಬಂದ ದೂರದರ್ಶನ ಮರುಪ್ರಸಾರ ಕೇಂದ್ರಗಳಲ್ಲಿ ದುಡಿದವರಿದ್ದರೆ ಅವರೂ ದಯವಿಟ್ಟು ಮಾತಾಡಿ. ನಾನೇ ನಿಮ್ಮ ಊರಿಗೆ ಬಂದು ರೆಕಾರ್ಡ್ ಮಾಡಿಕೊಳ್ಳುತ್ತೇನೆ.